ಮನೆಯ ವಿಳಾಸ ಗೊತ್ತಿದ್ದರೂ ಮಗುವನ್ನು ಕೂಡಲೇ ಕಳುಹಿಸುವುದಿಲ್ಲವೇಕೆ?

ಪ್ರಶ್ನೆ: ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕ ಮಗು ತನ್ನ ಊರಿನ ಹೆಸರು ಹೇಳಿದರೂ, ಅದನ್ನು ಮುಂದಿನ ರೈಲಿಗೇ ಹತ್ತಿಸಿ ಮನೆಗೆ ಕಳುಹಿಸುವುದಿಲ್ಲವೇಕೆ?

ಉತ್ತರ: ತೂತಾದ ಬಿಂದಿಗೆಗೆ ಮತ್ತೆ ನೀರು ತುಂಬಿದರೆ ಏನಾಗುತ್ತದೆ? ತೂತು ಹುಡುಕುವವರೆಗೂ ಸೋರುತ್ತಲೇ ಇರುತ್ತದೆ. ಎಷ್ಟೋ ಮಕ್ಕಳು ಮನೆ ಬಿಡುವುದು ಸಿಟಿ ನೋಡುವ ಆಸೆಗಲ್ಲ. ಅಪ್ಪನ ಕುಡಿತ, ಹೊಡೆತ, ಹಸಿವು, ಸಾಲ ತೀರಿಸಲು ದುಡಿತಕ್ಕೆ ಹಚ್ಚಿದ್ದು, ಕೆಲವೊಮ್ಮೆ ಮನೆಯೊಳಗೇ ನಡೆದ ಲೈಂಗಿಕ ದೌರ್ಜನ್ಯ. ಕಾರಣ ಕೇಳದೆ ವಾಪಸು ಕಳುಹಿಸಿದ ಮಗು ಮತ್ತೆ ಓಡಿಬರುತ್ತದೆ. ಆಗ ಮಗುವಿಗೆ ಮೊಟ್ಟಮೊದಲು ಚಹಾ, ಬನ್ನು ಕೊಡಿಸುವವನು ಮಕ್ಕಳನ್ನು ಮಾರುವ ದಲ್ಲಾಳಿಯೂ ಆಗಿರಬಹುದು. ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಮಗು ನಿಲ್ದಾಣಕ್ಕೆ ಬಂದಿಳಿದ ಆ ಮೊದಲ ಕೆಲವು ಗಂಟೆಗಳು.

ಅದಕ್ಕೇ 2015ರ ಬಾಲನ್ಯಾಯ ಕಾಯ್ದೆ ಇಂಥ ಮಗುವನ್ನು ಅಪರಾಧಿಯೆಂದಲ್ಲ, 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು' ಎಂದು ಕರೆಯುತ್ತದೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಅದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಾಜ ಕಾರ್ಯಕರ್ತರು ಮನೆಯ ಸ್ಥಿತಿ ನೋಡಿ ವರದಿ ಕೊಡುತ್ತಾರೆ. ಅಲ್ಲಿಯವರೆಗೆ ಮಗುವಿಗೆ ಬಾಲಮಂದಿರದಂಥ ಆಶ್ರಯ. ಮಗು ಏನು ಬಯಸುತ್ತದೆ ಎಂದೂ ಕೇಳಲೇಬೇಕು. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ.

ಮನೆ ಸುರಕ್ಷಿತವೆಂದು ಕಂಡರೆ ಮಗು ಅಲ್ಲಿಗೇ ಹೋಗುತ್ತದೆ. ಹೀಗೆ ಒಂಟಿಯಾದ ಮಗು ನಿಮ್ಮ ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲುರಾತ್ರಿ ಉಚಿತ. ನೆರವು ಬರುವವರೆಗೆ ಮಗುವಿನ ಪಕ್ಕದಲ್ಲೇ ಕುಳಿತಿರಿ.