ಶಾಯಿಗಳ ಬೆರಕೆ

ಶಾಯಿಯೆಂಬ ಮಾತು ಪಾರಸಿಯ ‘ಸಿಯಾಹಿ’ಯಿಂದ ಬಂದುದು, ಕಪ್ಪೆಂದು ಅದರ ಅರ್ಥ. ಸಂಸ್ಕೃತದ ‘ಮಸಿ’ಗೂ ಕಾಡಿಗೆಯೆಂಬ ಅರ್ಥವುಂಟು. ಶಬ್ದಾರ್ಥವನ್ನೇ ಹಿಡಿದರೆ ‘ಕೆಂಪು ಶಾಯಿ’ ಎಂಬುದು ನಗೆಗೀಡಾದ ಮಾತು. ಆದರೂ ಬಣ್ಣದ ಬರಹದಲ್ಲಿ ಮನಸ್ಸು ರಮಿಸುವುದು ಸಹಜ. ಕಳೆದ ರಜೆಯಲ್ಲಿ ನಮ್ಮ ಮೊಮ್ಮಗಳು, “ತಾತ, ನನ್ನ ಪೆನ್ನಿಗೆ ನೇರಳೆ ಹಣ್ಣಿನ ಬಣ್ಣದ ಇಂಕು ಬೇಕು” ಎಂದು ಹಟ ಹಿಡಿದಳು. ಅಂಗಡಿಯಲ್ಲಿ ಅದು ದೊರೆಯದಿರಲು ಮನೆಯಲ್ಲಿಯೇ ಬೆರಸಲು ಕುಳಿತೆವು.

ಒಂದೇ ತಯಾರಕರ, ಒಂದೇ ಜಾತಿಯ ಶಾಯಿಗಳನ್ನು ಬೆರಸುವುದು ಕ್ಷೇಮ. ಶಾಯಿಗಳಲ್ಲಿ ಕೆಲವಕ್ಕೆ ಆಮ್ಲಗುಣವೂ ಕೆಲವಕ್ಕೆ ಕ್ಷಾರಗುಣವೂ ಇರುವುದು. ವಿರುದ್ಧಗುಣದವು ಕೂಡಿದರೆ ಗಸಿ ಹುಟ್ಟಿ, ನಿಬ್ಬಿನಡಿಯ ನಾಲಿಗೆಯ ಸೂಕ್ಷ್ಮವಾದ ಗೀರುಗಳಲ್ಲಿ ಕಟ್ಟಿಕೊಳ್ಳಬಹುದು. ಚಿತ್ರಗಾರರು ಬಳಸುವ, ಅರಗು ಬೆರೆತ ಕಪ್ಪು ಶಾಯಿಯನ್ನಂತೂ ಪೆನ್ನಿಗೆ ಹಾಕಲೇ ಕೂಡದು.

ಬೆರಕೆಯನ್ನು ಪೆನ್ನಿನೊಳಗೆ ಮಾಡದೆ, ತೊಳೆದು ಒಣಗಿಸಿದ ಸಣ್ಣ ಗಾಜಿನ ಶೀಶೆಯಲ್ಲಿ ಮಾಡತಕ್ಕದ್ದು. ತಿಳಿಯಾದ ಬಣ್ಣವನ್ನು ಮೊದಲು ಹಾಕಿ, ಗಾಢವಾದುದನ್ನು ಫಿಲ್ಲರಿನಿಂದ ಹನಿಹನಿಯಾಗಿ ಸೇರಿಸಬೇಕು. ಗಾಢವನ್ನು ತಿಳಿಯಾಗಿಸುವುದಕ್ಕೆ ಬಹಳ ಶಾಯಿ ವ್ಯರ್ಥವಾಗುವುದು. ನಾವು 10 ಹನಿ ಕೆಂಪಿಗೆ ನೀಲಿಯನ್ನು ಒಂದೊಂದೇ ಹನಿಯಾಗಿ ಬಿಡುತ್ತ ಹೋದೆವು. 6ನೆಯ ಹನಿಗೆ ನೇರಳೆ ಮೂಡಿತು. ಶೀಶೆಯಲ್ಲಿ ಎಲ್ಲವೂ ಕಪ್ಪಾಗಿಯೇ ತೋರುವುದರಿಂದ ಕಾಗದದ ಮೇಲೆ ಬರೆದು, ಆರಿದ ಬಳಿಕವೇ ಬಣ್ಣವನ್ನು ನಿರ್ಣಯಿಸಬೇಕು. ಹನಿಗಳ ಲೆಕ್ಕವನ್ನು ಬರೆದಿಡದಿದ್ದರೆ ಅದೇ ಬಣ್ಣ ಮತ್ತೆ ಕೈಗೆ ಸಿಕ್ಕದು. ಒಂದು ಹಗಲು ಒಂದು ರಾತ್ರಿ ಕದಲಿಸದೆ ಇಟ್ಟು, ಶೀಶೆಯನ್ನು ಮೆಲ್ಲನೆ ಓರೆಮಾಡಿ ನೋಡಿರಿ. ತಳದಲ್ಲಿ ಗಸಿ ಕಂಡರೆ ಚೆಲ್ಲಿಬಿಡಿರಿ. ಉಳಿದ ಬೆರಕೆಯನ್ನು ಮೂಲದ ಶೀಶೆಗೆ ಮರಳಿ ಸುರಿಯಬೇಡಿರಿ.

ಹನಿ ಎಣಿಸುತ್ತಿದ್ದ ಮಗು ಥಟ್ಟನೆ, “ಅಮ್ಮ ಹುಟ್ಟಿದ್ದು ಎಷ್ಟು ಹೊತ್ತಿಗೆ, ತಾತ?” ಎಂದು ಕೇಳಿತು. ನಮ್ಮ ಬಾಯಿ ಕಟ್ಟಿತು.

ನಮ್ಮ ಮನೆಯ ಜನನಗಳನ್ನೆಲ್ಲ ಬರೆದಿಟ್ಟ ಪುಸ್ತಕವೊಂದುಂಟು. ನಮ್ಮ ತಂದೆಯವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರಸಿದ ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. 1991ರಲ್ಲಿ ಮಗಳು ಹುಟ್ಟಿದಾಗ ನಾವು ಹರ್ಷದಿಂದ, ಸ್ವತಃ ಬೆರಸಿದ ನೇರಳೆ ಶಾಯಿಯಲ್ಲಿ ಆ ಮುಹೂರ್ತವನ್ನು ಬರೆದೆವು. ಮುಂದೊಂದು ಮಳೆಗಾಲ ಮಾಡು ಸೋರಿ ಪುಸ್ತಕ ನೆನೆಯಿತು. ತಂದೆಯವರ ಅಕ್ಷರಗಳು ಹಾಗೆಯೇ ನಿಂತವು. ನಮ್ಮವು ಕರಗಿ ಬರಿಯ ಕಲೆಯಾದುವು. ಆ ಹೊತ್ತನ್ನು ಬಲ್ಲವಳು ಮನೆಯಾಕೆಯೊಬ್ಬಳೇ. ಕೇಳಿ ಬರೆದುಕೊಂಡರಾಯಿತೆಂದು ದಿನ ದೂಡಿದೆವು, ಈಗ ಆಕೆಯಿಲ್ಲ.

ಕಾರಣವಿಷ್ಟೆ: ಅಳಲೆಯ ಒಗರೂ ಅನ್ನಭೇದಿಯ ಕಬ್ಬಿಣವೂ ಕೂಡಿ, ಗಾಳಿ ಸೋಕಿದಂತೆ ಕಪ್ಪೇರಿ, ನೀರಿನಲ್ಲಿ ಕರಗದೆ ಕಾಗದದ ಎಳೆಗಳಲ್ಲಿ ನೆಲೆಸುವುವು. ಬಣ್ಣದ ಶಾಯಿಗಳಾದರೋ ಬಹುಮಟ್ಟಿಗೆ ನೀರಿನಲ್ಲಿ ಕರಗುವ ಕೃತಕ ರಂಗುಗಳಿಂದಾದುವು. ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣನು 1856ರಲ್ಲಿ ಕಂಡ ನೇರಳೆಯ ರಂಗಿನಿಂದ ಈ ವರ್ಗದ ಕೈಗಾರಿಕೆ ಮೊದಲಾಯಿತು. ಅವು ಕಣ್ಣಿಗೆ ಹಬ್ಬ; ಆದರೆ ನೀರಿಗೂ ಬಿಸಿಲಿಗೂ ಸುಲಭವಾಗಿ ಸೋಲುವುವು.

ಆದುದರಿಂದ ಪತ್ರಕ್ಕೆ ಮನಬಂದ ಬಣ್ಣವಿರಲಿ. ಜನನ, ಸಾಲ, ಆಸ್ತಿಗಳ ಬರಹಕ್ಕೆ ನೀರಿಗೆ ಅಳಿಯದ ಶಾಯಿಯೇ ಇರಲಿ. ಮನೆಯಲ್ಲಿ ಕಾಯಿಸಿದ ಮಸಿಯನ್ನು ಮಾತ್ರ ಫೌಂಟನ್ ಪೆನ್ನಿಗೆ ತುಂಬಬೇಡಿರಿ; ಅದು ಅದ್ದಿ ಬರೆಯುವ ಲೇಖನಿಗೇ ತಕ್ಕುದು.

ಮೊಮ್ಮಗಳ ನೇರಳೆ ಶೀಶೆಯ ಮೇಲೆ ‘ಪತ್ರಕ್ಕೆ ಮಾತ್ರ’ ಎಂದು ಚೀಟಿ ಅಂಟಿಸಿದ್ದೇವೆ. ಚೀಟಿಯನ್ನು ಬರೆದುದು ಕಪ್ಪು ಮಸಿಯಲ್ಲಿ.