ವಾಲ್ವು ಬದಲಿಸುವ ಮುನ್ನ

ಕಳೆದ ಮಳೆಗಾಲದ ಒಂದು ಸಂಜೆ ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳ ರೆಕಾರ್ಡು ಹಾಕಿ ಕುಳಿತಿದ್ದೆ. ಎಡಗಡೆಯ ಸ್ಪೀಕರಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು ಶುರುವಾಯಿತು. ಧೂಳು ಕೂತಿರಬೇಕೆಂದು ರೆಕಾರ್ಡನ್ನು ಒರೆಸಿದೆ. ಪ್ರಯೋಜನವಾಗಲಿಲ್ಲ. ಸೂಜಿಯನ್ನೇ ಎತ್ತಿಟ್ಟೆ. ಆಗಲೂ ಸದ್ದು ನಿಲ್ಲಲಿಲ್ಲ.

“ಅಜ್ಜ, ಇದೇ ಪದ ಫೋನಿನಲ್ಲಿ ಸಿಗ್ತದೆ, ಹಾಕಿ ಕೊಡ್ಲಾ?” ಎಂದ ಮೊಮ್ಮಗ. ಸಿಗುತ್ತದೆ, ನಿಜ. ಆದರೆ ಈ ವಾಲ್ವಿನ ಪ್ರಿ-ಆಂಪ್ಲಿಫೈಯರನ್ನು ಬಹರೈನಿನಿಂದ ಹೊತ್ತು ತಂದವರು ನನ್ನ ಅಣ್ಣ. ಅಣ್ಣ ಈಗ ಇಲ್ಲ. ಅವರು ಬಿಟ್ಟುಹೋದ ರೆಕಾರ್ಡುಗಳನ್ನು ಅವರ ಯಂತ್ರದಲ್ಲೇ ಕೇಳಬೇಕೆಂಬ ಹಟ ನನ್ನದು. ಆ ಹಟದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳುವುದೇ ಈ ಬರಹದ ಉದ್ದೇಶ. ಅಟ್ಟದ ಮೇಲೆ ಇಂಥ ಯಂತ್ರ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ವಾಲ್ವು ನಮ್ಮವರಿಗೆ ಹೊಸತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಧಾರವಾಡ, ಬೆಂಗಳೂರು ಆಕಾಶವಾಣಿಗಳ ಕನ್ನಡ ನಮ್ಮ ಚಾವಡಿಗೆ ಬರುತ್ತಿದ್ದುದು ವಾಲ್ವಿನ ರೇಡಿಯೋಗಳ ಮೂಲಕವೇ. ಗುಂಡಿ ತಿರುಗಿಸಿ, ಒಳಗಿನ ದೀಪ ಕೆಂಪಗಾಗಿ, ಧ್ವನಿ ಮೆಲ್ಲನೆ ಏಳುವವರೆಗೆ ಕಾಯುತ್ತಿದ್ದುದನ್ನು ಹಿರಿಯರು ಮರೆತಿರಲಾರರು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನೂ ತಯಾರಿಸಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಗುವ ಹೊತ್ತಿಗೆ ಟ್ರಾನ್ಸಿಸ್ಟರಿನ ಕಾಲ ಬಂದಿತ್ತು. ವಾಲ್ವು ಉಳಿದುಕೊಂಡದ್ದು ಮುಖ್ಯವಾಗಿ ಗಿಟಾರಿನವರಲ್ಲಿ ಮತ್ತು ಸಂಗೀತ ಕೇಳುವ ಹವ್ಯಾಸಿಗಳಲ್ಲಿ.

ಪ್ರಿ-ಆಂಪ್ಲಿಫೈಯರಿನ ಕೆಲಸವಾದರೂ ಏನು? ರೆಕಾರ್ಡಿನ ಸೂಜಿಯಿಂದ ಬರುವ ವಿದ್ಯುತ್ತು ಸುಮಾರು 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹೆಚ್ಚಿಸಿದರೆ ಅರ್ಧ ವೋಲ್ಟ್ ಆಗುತ್ತದೆ. ಅಷ್ಟಾದರೆ ಮಾತ್ರ ಮುಂದಿನ ಯಂತ್ರ ಅದನ್ನು ಸ್ಪೀಕರಿಗೆ ಕಳುಹಿಸಬಲ್ಲದು. ಮೊದಲ ವಾಲ್ವಿನಲ್ಲಿ ಹುಟ್ಟಿದ ಎಳ್ಳಷ್ಟು ಗದ್ದಲವೂ ಹಾಡಿನ ಜತೆಗೇ ನೂರು ಪಟ್ಟಾಗುತ್ತದೆ. ಆದುದರಿಂದ ನಿಮ್ಮಲ್ಲಿರುವ ಅತ್ಯಂತ ನಿಶ್ಶಬ್ದವಾದ ವಾಲ್ವನ್ನು ಸೂಜಿಗೆ ಹತ್ತಿರದ ಸಾಕೆಟ್ಟಿಗೆ ಹಾಕಬೇಕು.

ನಮ್ಮ ಯಂತ್ರದಲ್ಲಿ ಮೂರು ವಾಲ್ವುಗಳು. ಎಡಕ್ಕೊಂದು, ಬಲಕ್ಕೊಂದು ಇಸಿಸಿ 83. ಕೊನೆಗೆ ಎರಡಕ್ಕೂ ಸೇರಿ ಒಂದು ಇಸಿಸಿ 82. ಈ ಹೆಸರಿನಲ್ಲೇ ಅರ್ಥವಿದೆ. ಯುರೋಪಿನ ಪದ್ಧತಿಯಲ್ಲಿ ‘ಇ’ ಎಂದರೆ ವಾಲ್ವನ್ನು ಬಿಸಿ ಮಾಡುವ ಹೀಟರಿಗೆ 6.3 ವೋಲ್ಟ್ ಬೇಕೆಂದು. ‘ಸಿ’ ಎಂದರೆ ಟ್ರಯೋಡ್. ಎರಡು ಸಲ ಬಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. 8 ಎಂಬುದು ಒಂಬತ್ತು ಕಾಲಿನ ಸಾಕೆಟ್ಟಿನ ಗುರುತು. ಇಸಿಸಿ 83ನ್ನೇ ಅಮೆರಿಕದವರು 12 ಎಎಕ್ಸ್ 7 ಎನ್ನುತ್ತಾರೆ, ಇಸಿಸಿ 82ನ್ನು 12 ಎಯು 7 ಎನ್ನುತ್ತಾರೆ.

ಕಾಲು ಹೊಂದಿತೆಂದು ಯಾವ ವಾಲ್ವನ್ನೂ ಎಲ್ಲಿಯೂ ತುರುಕುವಂತಿಲ್ಲ. ಇಸಿಸಿ 83ರ ವರ್ಧನ ಸಾಮರ್ಥ್ಯ 100. ಇಸಿಸಿ 81ರದ್ದು 60. ಇಸಿಸಿ 82ರದ್ದು 20ರ ಒಳಗೆ. ಇಸಿಸಿ 83ರ ಜಾಗದಲ್ಲಿ ಇಸಿಸಿ 82 ಹಾಕಿದರೆ ಯಂತ್ರ ಸುಡಲಿಕ್ಕಿಲ್ಲ. ಆದರೆ ಸದ್ದು ಕುಗ್ಗಿ, ತಗ್ಗು-ಏರು ಸ್ವರಗಳ ತೂಕವೂ ತಪ್ಪೀತು. ಸದ್ದು ತುಸು ಕಡಿಮೆ ಬೇಕೆನ್ನುವವರು 70ರ ಸಾಮರ್ಥ್ಯದ 5751 ಎಂಬ ವಾಲ್ವನ್ನು ಬಳಸುವುದುಂಟು. ಇಸಿಸಿ 88ಕ್ಕೂ ಒಂಬತ್ತೇ ಕಾಲು. ಆದರೆ ಅದರ ಹೀಟರಿನ ಜೋಡಣೆ ಬೇರೆ. ಇಸಿಸಿ 83ರ ಸಾಕೆಟ್ಟಿಗೆ 6.3 ವೋಲ್ಟಿನ ಜೋಡಣೆ ಇದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ, 12.6 ವೋಲ್ಟಿನದ್ದಾದರೆ ಹೀಟರಿಗೆ ಇಮ್ಮಡಿ ವೋಲ್ಟ್ ಬಿದ್ದು ಹಾಳಾಗುತ್ತದೆ. ಯಂತ್ರದ ಮೇಲೆ ಬರೆದಿರುವ ನಂಬರನ್ನೇ ಹುಡುಕುವುದು ಕ್ಷೇಮ.

ಇನ್ನು ನನ್ನ ತಪ್ಪಿನ ಕಥೆ. ಸದ್ದು ಬಂದೊಡನೆ ವಾಲ್ವು ಹೋಯಿತೆಂದು ನಾನೇ ತೀರ್ಮಾನಿಸಿದೆ. ಇಂಗ್ಲೆಂಡಿನ ಹಳೆಯ ಮಲಾರ್ಡ್ ವಾಲ್ವಿನ ಧ್ವನಿಯಷ್ಟು ಇಂಪು ಬೇರೊಂದಿಲ್ಲವೆಂದು ಯಾರೋ ಹೇಳಿದ್ದು ತಲೆಯಲ್ಲಿತ್ತು. ದೂರದ ವ್ಯಾಪಾರಿಯೊಬ್ಬರಿಂದ ‘ಹಳೆಯ ದಾಸ್ತಾನು, ಬಳಸದೆ ಇದ್ದದ್ದು’ ಎಂಬ ಮಾತು ನಂಬಿ ಒಂದು ಜೋಡಿ ತರಿಸಿದೆ. ತಿಂಗಳ ಪಿಂಚಣಿಯಲ್ಲಿ ದೊಡ್ಡ ಪಾಲೇ ಹೋಯಿತು. ವಾಲ್ವು ಹಾಕಿ ನೋಡಿದರೆ ಎಡಗಡೆಯ ಸಾಸಿವೆ ಸಿಡಿಯುತ್ತಲೇ ಇದೆ! ಗಾಜಿನ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಉಜ್ಜಿದರೆ ಶಾಯಿ ಬೆರಳಿಗೆ ಬಂತು.

ಕೊನೆಗೆ ಪೇಟೆಯ ಹಳೆಯ ರೇಡಿಯೋ ರಿಪೇರಿಯವರ ಬಳಿ ಯಂತ್ರವನ್ನು ಒಯ್ದೆ. ಅವರು ಹೊಸ ಜೋಡಿಯನ್ನು ತೆಗೆದಿಟ್ಟು, ಅಣ್ಣನ ಹಳೆಯ ವಾಲ್ವುಗಳನ್ನೇ ಹಾಕಿದರು. ಆದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ.

“ಮಾಸ್ಟ್ರೇ, ಈಗ ಸದ್ದು ಬಲಕ್ಕೆ ಹೋದ್ರೆ ವಾಲ್ವಿನ ದೋಷ. ಎಡದಲ್ಲೇ ಉಳಿದ್ರೆ ವಾಲ್ವು ಪಾಪ, ಅದರದ್ದು ಏನೂ ತಪ್ಪಿಲ್ಲ.”

ಸದ್ದು ಎಡದಲ್ಲೇ ಉಳಿಯಿತು. ಒಂದು ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಮನೆಯಲ್ಲೇ ಮಾಡಬಹುದಿತ್ತು.

ಸಾಕೆಟ್ಟಿನ ಒಳಗೆ ಹಸಿರುಗಟ್ಟಿತ್ತು. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ತೇವ ಎರಡೂ ನಮ್ಮ ಊರಿನಲ್ಲಿ ಲೋಹಕ್ಕೆ ವೈರಿಗಳೇ. ಐಸೊಪ್ರೊಪೈಲ್ ಸ್ಪಿರಿಟಿನಿಂದ ತಿಕ್ಕಿ ಸ್ವಚ್ಛ ಮಾಡಿದಾಗ ಸದ್ದು ಅರ್ಧ ಇಳಿಯಿತು. ಆಮೇಲೆ ವಾಲ್ವಿನ ಪ್ಲೇಟಿಗೆ ವಿದ್ಯುತ್ತು ಕೊಡುವ 100 ಕಿಲೋ ಓಮಿನ ಹಳೆಯ ರೆಸಿಸ್ಟರನ್ನು ಬದಲಿಸಿದರು. ಸದ್ದು ಪೂರ್ತಿ ನಿಂತಿತು. ಆ ರೆಸಿಸ್ಟರಿನ ಬೆಲೆ ಒಂದು ಚಹಾದ ಬೆಲೆಗಿಂತ ಕಡಿಮೆ.

ಅವರು ಅಂದು ಹೇಳಿಕೊಟ್ಟದ್ದನ್ನು, ನಾನು ಆಮೇಲೆ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಜೀವದ ಮಾತು. ಇಂಥ ಯಂತ್ರದೊಳಗೆ 250ರಿಂದ 300 ವೋಲ್ಟಿನವರೆಗೂ ಇರಬಹುದು. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಕುಳಿತಿರುತ್ತದೆ. ವಾಲ್ವು ಬದಲಿಸಲು ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೇ ಕಿತ್ತು, ಕಾಲು ಗಂಟೆ ತಣಿಯಲು ಬಿಡಬೇಕು. ತಳದ ಮುಚ್ಚಳ ತೆಗೆಯುವ ಕೆಲಸ ತಿಳಿದವರದ್ದು, ನಮ್ಮದಲ್ಲ.

ವಾಲ್ವನ್ನು ತಿರುಚಬಾರದು. ತುಸು ಅತ್ತಿತ್ತ ಅಲುಗಿಸುತ್ತ ನೇರ ಮೇಲಕ್ಕೆ ಎತ್ತಬೇಕು. ಒಂಬತ್ತು ಕಾಲುಗಳ ವೃತ್ತದಲ್ಲಿ ಒಂದು ಕಡೆ ಅಂತರ ಹೆಚ್ಚಿದೆ. ಅದನ್ನು ಸಾಕೆಟ್ಟಿನ ಅಂತರಕ್ಕೆ ಹೊಂದಿಸಿಯೇ ಒತ್ತಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ವಾಲ್ವಿನ ತುದಿಯ ಬೆಳ್ಳಿಯ ಹೊಳಪನ್ನು ನೋಡಿ. ಅದು ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವು ಮುಗಿಯಿತು. ಯಂತ್ರ ನಡೆಯುತ್ತಿರುವಾಗ ಸದ್ದನ್ನು ತಗ್ಗಿಸಿಟ್ಟು, ಪೆನ್ಸಿಲಿನ ಮರದ ತುದಿಯಿಂದ ಗಾಜನ್ನು ಮೆಲ್ಲನೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯಂತೆ ‘ಟಿಂಗ್’ ಎಂದು ಕೇಳಿದರೆ ಅದನ್ನು ಮೊದಲ ಸಾಕೆಟ್ಟಿನಿಂದ ತೆಗೆದುಬಿಡಿ.

ಕೊಳ್ಳುವಾಗ ಪೆಟ್ಟಿಗೆಯ ಹೆಸರಿಗೆ ಮರುಳಾಗಬೇಡಿ. ಮಲಾರ್ಡ್ ಎಂಬ ಹೆಸರಿನ ಹೊಸ ವಾಲ್ವುಗಳು ರಷ್ಯದ ಸರಾಟೊವಿನಲ್ಲಿ ತಯಾರಾದವು. ಹಳೆಯ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ವಾಲ್ವಿನಲ್ಲಿ ಗಾಜಿನ ಬುಡದ ಬಳಿ ‘ಬಿ’ ಅಕ್ಷರ ಸೇರಿದ ಸಣ್ಣ ಗುರುತು ಇರುತ್ತದೆ. ಟೆಲಿಫುಂಕನ್ನಿನ ಗುರುತು ಕಾಲುಗಳ ನಡುವೆ ಗಾಜಿನಲ್ಲೇ ಒತ್ತಿದ ವಜ್ರಾಕೃತಿ. 2022ರ ಮಾರ್ಚಿನಲ್ಲಿ ರಷ್ಯ ರಫ್ತು ತಡೆದಾಗ ಲೋಕವೆಲ್ಲ ವಾಲ್ವಿಗಾಗಿ ಪರದಾಡಿತ್ತು. ಸ್ಲೊವಾಕಿಯದ ಜೆಜೆ ಕಂಪೆನಿಯ ಹೊಸ ವಾಲ್ವುಗಳೂ ಪೇಟೆಯಲ್ಲಿ ದೊರೆಯುತ್ತವೆ. ದೋಷವಿಲ್ಲದ ಹೊಸ ವಾಲ್ವು ಹೆಚ್ಚಿನ ಮನೆಗಳಿಗೆ ಸಾಕು.

ಕಿವಿಗೆ ಕೇಳುವ ವ್ಯತ್ಯಾಸ ಇಲ್ಲವೆಂದಲ್ಲ. ಆದರೆ ಅದನ್ನು ಹುಡುಕುವುದು ಯಂತ್ರ ಆರೋಗ್ಯವಾಗಿದ್ದ ಮೇಲಿನ ಮಾತು. ಚೆನ್ನಾಗಿ ಕೆಲಸ ಮಾಡುತ್ತಿರುವ ಸಣ್ಣ ವಾಲ್ವನ್ನು ವರ್ಷ ತುಂಬಿತೆಂದು ಎಸೆಯಬೇಕಾಗಿಲ್ಲ. ದೀರ್ಘಾಯುಷ್ಯಕ್ಕೆಂದೇ ಮಾಡಿದ ಜಾತಿಗಳಿಗೆ 10,000 ಗಂಟೆಯ ಆಯುಸ್ಸು ಹೇಳುತ್ತಿದ್ದರು. ದಿನಕ್ಕೆ ಮೂರು ಗಂಟೆ ಕೇಳಿದರೂ ಅದು ಒಂಬತ್ತು ವರ್ಷ.

ನಮ್ಮ ಯಂತ್ರದಲ್ಲಿ ಈಗಲೂ ಇರುವುದು ಅಣ್ಣನ ವಾಲ್ವುಗಳೇ. ನಾನು ಕೊಂಡ ಜೋಡಿ ಕಪಾಟಿನಲ್ಲಿದೆ. ಪೆಟ್ಟಿಗೆಯ ಮೇಲೆ ಮೊಮ್ಮಗ ಪೆನ್ಸಿಲಿನಲ್ಲಿ ‘ಬದಲಿಗೆ’ ಎಂದು ಬರೆದಿಟ್ಟಿದ್ದಾನೆ. ಸಂಜೆ ಯಂತ್ರ ಬಿಸಿಯಾಗುವವರೆಗೆ ಕಾಯುವುದು ಈಗ ಅವನಿಗೂ ಅಭ್ಯಾಸವಾಗಿದೆ.