ತಾಂಬೂಲದ ತಟ್ಟೆಯಿಂದ ಗುಟ್ಕಾ ಪಾಕೀಟಿನವರೆಗೆ

ಎಲೆ ಅಡಿಕೆ ಇಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಸಂಬಂಧ ಕುದುರಿದರೆ ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಮನೆಗೆ ಬಂದ ಮುತ್ತೈದೆಯನ್ನು ಅರಿಸಿನ ಕುಂಕುಮದೊಂದಿಗೆ ಎಲೆ ಅಡಿಕೆ ಕೊಡದೆ ಕಳಿಸುವುದಿಲ್ಲ. ಹಿಂದೆ ಕಾಳಗಕ್ಕೆ ಆಹ್ವಾನ ಕೊಡುತ್ತಿದ್ದುದೂ ವೀಳ್ಯದ ಮೂಲಕವೇ. ಮಲೆನಾಡಿನ ಮನೆಗಳಲ್ಲಿ ನೆಂಟರಿಗೆ ಕುಡಿಯಲು ಕೊಟ್ಟ ಮೇಲೆ ಮುಂದಿಡುವುದು ಕವಳದ ತಟ್ಟೆ. ಹೀಗೆ ಗೌರವ, ಒಪ್ಪಂದ, ಸ್ನೇಹ ಮೂರಕ್ಕೂ ಗುರುತಾಗಿರುವ ಈ ವಸ್ತುವಿಗೆ ಇನ್ನೊಂದು ಮುಖವೂ ಇದೆ. ಆ ಮುಖ ಕಾಣಬೇಕಾದರೆ ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಬಾಯಿ ರೋಗಗಳ ವಿಭಾಗದ ಮುಂದಿನ ಬೆಂಚುಗಳತ್ತ ಒಮ್ಮೆ ನೋಡಿದರೆ ಸಾಕು.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ 14 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಕ್ಯಾನ್ಸರ್ ತಗುಲಿತು. ಅವರಲ್ಲಿ ಸುಮಾರು 1.43 ಲಕ್ಷ ಮಂದಿಯದು ತುಟಿ ಮತ್ತು ಬಾಯಿಯ ಕ್ಯಾನ್ಸರ್. ನಮ್ಮ ಗಂಡಸರಲ್ಲಿ ಇದೇ ಮೊದಲ ಸ್ಥಾನದಲ್ಲಿದೆ. ಶ್ರೀಮಂತ ದೇಶಗಳ ಪಟ್ಟಿಯಲ್ಲಿ ಎಲ್ಲೋ ಕೆಳಗಿರುವ ಈ ರೋಗ ನಮ್ಮಲ್ಲಿ ಮೇಲಕ್ಕೆ ಬಂದದ್ದು ಏಕೆ? ಉತ್ತರಕ್ಕಾಗಿ ನಮ್ಮ ರೂಢಿಗಳ ಚರಿತ್ರೆಯನ್ನೇ ಕೆದಕಬೇಕು.

ರೂಢಿ ಎಲ್ಲೋ ಹುಣ್ಣು ಅಲ್ಲೇ

ಕ್ಯಾನ್ಸರ್ ಎಂದರೆ ಹಣೆಬರಹ, ಯಾರಿಗೆ ಯಾವಾಗ ಬರುತ್ತದೋ ಹೇಳಲಾಗದು ಎಂಬ ಭಾವನೆ ವ್ಯಾಪಕವಾಗಿದೆ. ಹಲವು ಬಗೆಯ ಕ್ಯಾನ್ಸರುಗಳ ಮಟ್ಟಿಗೆ ಇದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕೆಲವು ಕ್ಯಾನ್ಸರುಗಳು ಮನುಷ್ಯನ ಅಭ್ಯಾಸವನ್ನು ಬೆರಳಿಟ್ಟು ತೋರಿಸುತ್ತವೆ. ಇದಕ್ಕೆ ಭಾರತದಷ್ಟು ಒಳ್ಳೆಯ ಉದಾಹರಣೆಗಳು ಬೇರೆಡೆ ಸಿಗುವುದು ಕಷ್ಟ.

ಕಾಶ್ಮೀರದ ಜನ ಚಳಿಗಾಲದಲ್ಲಿ 'ಕಾಂಗ್ರಿ' ಎಂಬ ಕೆಂಡದ ಕುಡಿಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಂಡು ಮೈ ಕಾಯಿಸಿಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಕೆಂಡದ ಬಿಸಿ ತಾಗಿದ ಹೊಟ್ಟೆ ಮತ್ತು ತೊಡೆಯ ಚರ್ಮದ ಮೇಲೆ ಅವರಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ವೈದ್ಯರು 19ನೇ ಶತಮಾನದಲ್ಲೇ ಗುರುತಿಸಿದ್ದರು. ಆಂಧ್ರದ ಕರಾವಳಿಯ ಹಳ್ಳಿಗಳಲ್ಲಿ ಕೆಲವರು, ಅದರಲ್ಲೂ ಹೆಂಗಸರು, ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುತ್ತಾರೆ. ಅವರಿಗೆ ಬರುವುದು ಅಂಗುಳಿನ ಕ್ಯಾನ್ಸರ್. ಬೇರೆ ಕಡೆ ಅಪರೂಪವಾದ ಈ ರೋಗಕ್ಕೂ ಆ ವಿಚಿತ್ರ ಧೂಮಪಾನಕ್ಕೂ ಇರುವ ನಂಟನ್ನು ವಿಶಾಖಪಟ್ಟಣದ ವೈದ್ಯರು 1950ರ ದಶಕದಲ್ಲಿ ತೋರಿಸಿಕೊಟ್ಟರು. ಬಿಹಾರದಲ್ಲಿ ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಕೆಳದುಟಿಯ ಒಳಗೆ ಇಡುವ ಖೈನಿಯ ರೂಢಿ ಹೆಚ್ಚು. ಅಲ್ಲಿ ಹುಣ್ಣು ಏಳುವುದೂ ಕೆಳದುಟಿಯ ಆ ಸಂದಿನಲ್ಲೇ.

ದಕ್ಷಿಣದವರಾದ ನಾವು ಎಲೆ, ಅಡಿಕೆ, ಸುಣ್ಣ, ಸೊಪ್ಪು ಸೇರಿಸಿ ಜಗಿದು, ಉಂಡೆಯನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಟ್ಟುಕೊಳ್ಳುವವರು. ನಮ್ಮ ಕ್ಯಾನ್ಸರ್ ಕೆನ್ನೆಯ ಒಳಮೈಯಲ್ಲಿ. ಮದ್ರಾಸಿನ ನಿಬ್ಲಾಕ್ ಎಂಬ ವೈದ್ಯರು 1902ರಷ್ಟು ಹಿಂದೆಯೇ ಬಾಯಿಯ ಕ್ಯಾನ್ಸರನ್ನು ಎಲೆ ಅಡಿಕೆಯ ಅಭ್ಯಾಸದೊಂದಿಗೆ ಜೋಡಿಸಿ ಬರೆದರು. 1933ರಲ್ಲಿ ಓರ್ ಎಂಬ ವೈದ್ಯರು ತಿರುವಾಂಕೂರಿನ ರೋಗಿಗಳನ್ನು ಕುರಿತು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವಿವರವಾಗಿ ಬರೆದರು. 1955ರಲ್ಲಿ ಮುಂಬಯಿಯ ಸಂಘ್ವಿ, ರಾವ್, ಖಾನೋಲ್ಕರ್ ಇವರು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡಿದಾಗ ಇನ್ನೂ ಸ್ಪಷ್ಟವಾದ ಚಿತ್ರ ಸಿಕ್ಕಿತು: ಜಗಿಯುವವರಿಗೆ ಬಾಯೊಳಗೆ, ಸೇದುವವರಿಗೆ ನಾಲಗೆಯ ಬುಡ ಮತ್ತು ಗಂಟಲಿನಲ್ಲಿ ರೋಗ ಹೆಚ್ಚು.

ಬೆಂಗಳೂರಿನಲ್ಲೂ ಇದರ ಅಧ್ಯಯನ ನಡೆದಿದೆ. ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿ 1982ರಿಂದ ನಗರದ ರೋಗಿಗಳ ಲೆಕ್ಕ ಇಡುತ್ತಿದೆ. ಅದನ್ನು ಆಧರಿಸಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸೊಪ್ಪು ಸೇರಿಸಿ ಎಲೆ ಅಡಿಕೆ ಹಾಕುವ ಹೆಂಗಸರಲ್ಲಿ ಅಪಾಯ ಗಂಡಸರಿಗಿಂತಲೂ ಬಹಳ ಹೆಚ್ಚು. ಹೆಣ್ಣು ಬೀಡಿ ಸೇದಿದರೆ ಮೂಗು ಮುರಿಯುವ ಸಮಾಜ ಅವಳ ಸಂಚಿಯಲ್ಲಿ ಕಡ್ಡಿಪುಡಿ ಇದ್ದರೆ ಏನೂ ಅನ್ನುತ್ತಿರಲಿಲ್ಲ. ಬಾಯಲ್ಲಿ ಸೊಪ್ಪು ಇಟ್ಟುಕೊಂಡೇ ನಿದ್ದೆ ಹೋಗುವವರ ಅಪಾಯ ಸುಮಾರು 17 ಪಟ್ಟು ಹೆಚ್ಚು ಎಂದೂ ಅದೇ ಅಧ್ಯಯನ ಕಂಡುಕೊಂಡಿತು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಉಗುಳುವುದೂ ಇಲ್ಲ. ಸೊಪ್ಪಿನ ರಸ ರಾತ್ರಿಯಿಡೀ ಒಂದೇ ಜಾಗವನ್ನು ನೆನೆಸುತ್ತಿರುತ್ತದೆ.

ಸೊಪ್ಪು ಬಂದ ದಾರಿ

"ನಮ್ಮ ಅಜ್ಜಿ ತೊಂಬತ್ತು ವರ್ಷ ಎಲೆ ಅಡಿಕೆ ಕುಟ್ಟಿ ತಿಂದಳು, ಏನೂ ಆಗಲಿಲ್ಲ" ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಅಪಾಯ ಹೆಚ್ಚು ಎಂದರೆ ಪ್ರತಿಯೊಬ್ಬರಿಗೂ ರೋಗ ಬಂದೇ ತೀರುತ್ತದೆ ಎಂದರ್ಥವಲ್ಲ. ಅಜ್ಜಿಯ ಕಾಲದ ತಾಂಬೂಲ ಇಂದಿನ ವಸ್ತುವಲ್ಲ ಎಂಬುದೂ ನಿಜ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಭೋಗಗಳ ಪೈಕಿ ತಾಂಬೂಲಭೋಗವೂ ಒಂದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ವೀಳ್ಯದೆಲೆಯನ್ನು ಮನಸಾರೆ ಹೊಗಳಿದ್ದಾನೆ. ಈ ಇಬ್ಬರ ಕಾಲದಲ್ಲೂ ಹೊಗೆಸೊಪ್ಪು ಭಾರತದಲ್ಲಿ ಇರಲಿಲ್ಲ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಪಾತ್ರವಿದೆ. ಅಕ್ಬರನ ಆಸ್ಥಾನದ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಾಗ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, ಅದನ್ನೂ ರತ್ನಖಚಿತ ಕೊಳವೆಯನ್ನೂ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಒಂದೆರಡು ಬಾರಿ ಸೇದಿ ನೋಡಿದ. ನಮ್ಮ ಹಕೀಮರು ಪರೀಕ್ಷಿಸದ ವಸ್ತು ಇದು, ಬೇಡ ಎಂದು ಆಸ್ಥಾನ ವೈದ್ಯ ತಡೆದ. ಮುಂದೆ 1617ರಲ್ಲಿ ಜಹಾಂಗೀರ್ ಇದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಆದರೆ ಅಷ್ಟರಲ್ಲಿ ಸೊಪ್ಪು ಜನರ ಬಾಯಿಗೆ ರುಚಿಯಾಗಿ ಹೋಗಿತ್ತು. ಕಾಲಕ್ರಮದಲ್ಲಿ ಅದು ಯಾರ ಅಪ್ಪಣೆಯೂ ಇಲ್ಲದೆ ತಾಂಬೂಲದ ತಟ್ಟೆಯನ್ನೂ ಸೇರಿಕೊಂಡಿತು. ಇಂದು ನಾವು ಪುರಾತನ ಸಂಪ್ರದಾಯ ಎಂದುಕೊಂಡಿರುವ ಸೊಪ್ಪಿನ ಕವಳಕ್ಕೆ ನಾನ್ನೂರು ವರ್ಷಕ್ಕಿಂತ ಹೆಚ್ಚಿನ ವಯಸ್ಸಿಲ್ಲ.

ಹೊಗೆಸೊಪ್ಪನ್ನು ಒಣಗಿಸಿ ಹದ ಮಾಡುವಾಗ ಅದರಲ್ಲಿ ನೈಟ್ರೋಸಮೈನ್ ಎಂಬ ಗುಂಪಿನ ರಾಸಾಯನಿಕಗಳು ಹುಟ್ಟುತ್ತವೆ. ಕ್ಯಾನ್ಸರಿಗೆ ಮುಖ್ಯ ಕಾರಣ ಇವೇ. ಜೀವಕೋಶದ ವಂಶವಾಹಿಗೆ ಅಂಟಿಕೊಂಡು ಅವು ಅದರ ಬರಹವನ್ನು ಕೆಡಿಸುತ್ತವೆ. ಸುಣ್ಣ ಸೇರಿದಾಗ ನಿಕೋಟಿನ್ ಬೇಗ ರಕ್ತಕ್ಕೆ ಇಳಿದು ಚಟ ಗಟ್ಟಿಯಾಗುತ್ತದೆ. ಬಾಯಿಯ ತೆಳುಪೊರೆ ಸುಣ್ಣದಿಂದ ಮತ್ತೆ ಮತ್ತೆ ಸುಟ್ಟು, ಮತ್ತೆ ಮತ್ತೆ ಹೊಸದಾಗಿ ಬೆಳೆಯಬೇಕಾಗುತ್ತದೆ. ಹೀಗೆ ಕೋಶಗಳು ಪದೇ ಪದೇ ಒಡೆದು ಹೆಚ್ಚುವಾಗ ಕೆಟ್ಟ ಬರಹದ ಪ್ರತಿಗಳೂ ಹೆಚ್ಚುತ್ತವೆ.

ಅಡಿಕೆ ನಿರಪರಾಧಿಯೇ?

ಇಲ್ಲಿ ಕನ್ನಡಿಗರಿಗೆ ಕಷ್ಟವಾದ ಪ್ರಶ್ನೆಯೊಂದು ಎದುರಾಗುತ್ತದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಲಕ್ಷಾಂತರ ಕುಟುಂಬಗಳ ಮಕ್ಕಳ ಓದು, ಮನೆಯ ಮದುವೆ, ಬ್ಯಾಂಕಿನ ಸಾಲ ಎಲ್ಲವೂ ಅಡಿಕೆಯ ಧಾರಣೆಯನ್ನು ನಂಬಿ ನಡೆಯುತ್ತವೆ. ದೋಷವೆಲ್ಲ ಸೊಪ್ಪಿನದು, ಅಡಿಕೆಯದಲ್ಲ ಎಂಬುದು ಬೆಳೆಗಾರರ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೂ 1985ರಲ್ಲಿ ಸೊಪ್ಪು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದು ಹೇಳಿತ್ತು.

ಆದರೆ 2003ರಲ್ಲಿ ಅದೇ ಸಂಸ್ಥೆ ಎಲ್ಲ ಆಧಾರಗಳನ್ನೂ ಮತ್ತೆ ಪರಿಶೀಲಿಸಿತು. ಸೊಪ್ಪಿಲ್ಲದ ಕವಳವೂ ಅಡಿಕೆ ತಾನಾಗಿಯೂ ಕ್ಯಾನ್ಸರ್‌ಕಾರಕ ಎಂಬುದು ಅದರ ತೀರ್ಮಾನ. ತೈವಾನಿನಲ್ಲಿ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿಯೇ ಇಲ್ಲ, ಆದರೂ ಅಲ್ಲಿ ಅಡಿಕೆ ಜಗಿಯುವವರಿಗೆ ಬಾಯಿ ಕ್ಯಾನ್ಸರ್ ಹೆಚ್ಚು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವೇ ಅದರ ಹಿತವಾದ ಅಮಲಿಗೆ ಕಾರಣ. ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುವುದೂ ಅದೇ. ನಾರು ಹೆಚ್ಚುತ್ತ ಹೋದಂತೆ ಮೃದುವಾದ ಕೆನ್ನೆ ಚಕ್ಕಳದಂತೆ ಬಿರುಸಾಗುತ್ತದೆ. ಮೊದಲು ಖಾರ ತಗುಲಿದರೆ ಉರಿ. ಆಮೇಲೆ ಬಾಯಿ ಅಗಲಿಸಲು ಕಷ್ಟ. ಕೊನೆಗೆ ತುತ್ತು ಒಳಗೆ ಹೋಗುವುದೂ ಕಷ್ಟ. ಆಧುನಿಕ ವೈದ್ಯ ಸಾಹಿತ್ಯದಲ್ಲಿ ಈ ರೋಗವನ್ನು 1952ರಲ್ಲಿ ಶ್ವಾರ್ಟ್ಜ್ ಎಂಬವರು ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ ವಿವರಿಸಿದರು. ಮರುವರ್ಷ ಮುಂಬಯಿಯ ಡಾ. ಜೋಶಿ ಅವರೂ ಇದನ್ನು ವರದಿ ಮಾಡಿದರು. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳ ಒಂದು ಸಣ್ಣ ಗುಂಪನ್ನು 17 ವರ್ಷ ಗಮನಿಸಿದಾಗ ನೂರಕ್ಕೆ ಏಳೆಂಟು ಮಂದಿಯಲ್ಲಿ ಅದು ಕ್ಯಾನ್ಸರಿಗೆ ತಿರುಗಿತ್ತು.

ಬೆಳೆಗಾರನ ಹಿತದೃಷ್ಟಿಯಿಂದಲೂ ಈ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ತೋಟದ ಮನೆಯಲ್ಲಿ ಕವಳದ ತಟ್ಟೆ ಸದಾ ಕೈಗೆಟಕುವಂತೆ ಇರುವುದರಿಂದ ಮೊದಲು ಎಚ್ಚರ ವಹಿಸಬೇಕಾದವರು ಅವರೇ.

ಪಾಕೀಟು ತಂದ ಬದಲಾವಣೆ

ತಾಂಬೂಲಕ್ಕೆ ಒಂದು ವ್ಯವಧಾನ ಇತ್ತು. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಿ ಮಡಿಸಬೇಕು. ಉಗುಳಲು ಪೀಕದಾನಿಯೋ ಜಗಲಿಯ ಮೂಲೆಯೋ ಬೇಕು. ಹುಡುಗರು ಹಿರಿಯರ ಎದುರು ಹಾಕುವಂತಿರಲಿಲ್ಲ. ಈ ಸಣ್ಣ ಸಣ್ಣ ತೊಡಕುಗಳೇ ಒಂದು ಮಿತಿಯನ್ನೂ ಹಾಕಿದ್ದವು.

1970ರ ದಶಕದಿಂದ ಈಚೆಗೆ ಬಂದ ಸಿದ್ಧ ಪಾನ್ ಮಸಾಲ ಮತ್ತು ಗುಟ್ಕಾ ಈ ಮಿತಿಯನ್ನು ಕಿತ್ತುಹಾಕಿದವು. ಅಡಿಕೆ, ಕಾಚು, ಸುಣ್ಣ, ಸುವಾಸನೆ, ಸೊಪ್ಪು ಎಲ್ಲವೂ ಪುಡಿಯಾಗಿ ಒಂದು ಪುಟ್ಟ ಪಾಕೀಟಿನಲ್ಲಿ ಬಂದವು. ಎಲೆಯೊಂದು ಮಾತ್ರ ಮಾಯವಾಯಿತು. ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡರೆ ಆಯಿತು. ಬಸ್ಸಿನ ಸ್ಟೀರಿಂಗ್ ಹಿಡಿದವನಿಗೂ ಹೈಸ್ಕೂಲಿನ ಹುಡುಗನಿಗೂ ಅದು ಅನುಕೂಲವಾಯಿತು. ಊಟವಾದ ಮೇಲೆ ಒಮ್ಮೆ ಎಂದಿದ್ದುದು ದಿನಕ್ಕೆ ಹತ್ತಾರು ಸಲವಾಯಿತು. ನಡುವಯಸ್ಸು ದಾಟಿದವರ ರೋಗ ಎನಿಸಿಕೊಂಡಿದ್ದ ಕೆನ್ನೆಯ ಬಿಗಿತ ಇಪ್ಪತ್ತರ ಹರೆಯದ ಯುವಕರಲ್ಲೂ ಕಾಣತೊಡಗಿತು.

ತಿನಿಸಿನಲ್ಲಿ ಹೊಗೆಸೊಪ್ಪು, ನಿಕೋಟಿನ್ ಬೆರೆಸಬಾರದೆಂಬ ಕೇಂದ್ರದ ನಿಯಮ 2011ರಲ್ಲಿ ಬಂತು. ಅದನ್ನು ಆಧರಿಸಿ ಮಧ್ಯಪ್ರದೇಶ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದವು. ವ್ಯಾಪಾರ ರಂಗೋಲಿಯ ಕೆಳಗೆ ನುಸುಳಿತು: ಮಸಾಲೆಯ ಪಾಕೀಟು ಬೇರೆ, ಸೊಪ್ಪಿನ ಪಾಕೀಟು ಬೇರೆ. ಗಿರಾಕಿ ಎರಡನ್ನೂ ಕೊಂಡು ಅಂಗೈಯಲ್ಲೋ ಬಾಯಲ್ಲೋ ಬೆರೆಸಿಕೊಳ್ಳುತ್ತಾನೆ. ಹಾಗೆಂದು ಪ್ರಯತ್ನವೆಲ್ಲ ವ್ಯರ್ಥವಾಯಿತು ಎನ್ನುವಂತಿಲ್ಲ. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಹೊಗೆರಹಿತ ತಂಬಾಕು ಬಳಸುವ ವಯಸ್ಕರ ಪ್ರಮಾಣ 2009-10ರಲ್ಲಿ ಶೇ 25.9 ಇದ್ದದ್ದು 2016-17ರ ಹೊತ್ತಿಗೆ ಶೇ 21.4ಕ್ಕೆ ಇಳಿದಿತ್ತು. ಆದರೂ 2022ರಲ್ಲಿ ಭಾರತದಲ್ಲಿ ಸುಮಾರು 83,400 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವೆಲ್ಲ ತಪ್ಪಿಸಬಹುದಾಗಿದ್ದ ಪ್ರಕರಣಗಳು.

ತಟ್ಟೆಯ ಊಟ, ಲೋಟದ ಮದ್ಯ

ಜಗಿಯುವವನು ಸೇದುವವನೂ ಕುಡಿಯುವವನೂ ಆಗಿದ್ದರೆ ಅಪಾಯ ಬಹಳಷ್ಟು ಏರುತ್ತದೆ. ಮದ್ಯ ತಾನೇ ಕ್ಯಾನ್ಸರ್‌ಕಾರಕ. ಜೊತೆಗೆ ಅದು ಬಾಯಿಯ ಪೊರೆಯನ್ನು ಸಡಿಲಗೊಳಿಸಿ ತಂಬಾಕಿನ ವಿಷ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ. ಇದಕ್ಕೆ ವಿರುದ್ಧವಾಗಿ, ಸೊಪ್ಪು, ತರಕಾರಿ, ಹಣ್ಣು ಹೆಚ್ಚಾಗಿ ತಿನ್ನುವವರಲ್ಲಿ ಬಾಯಿ ಕ್ಯಾನ್ಸರ್ ಕಡಿಮೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಬಡವನ ತಟ್ಟೆಯಲ್ಲಿ ಹಣ್ಣು ತರಕಾರಿ ಕಡಿಮೆ. ಹಸಿವು, ಆಯಾಸ ಮರೆಸಲು ಕೆನ್ನೆಯಲ್ಲಿ ಸೊಪ್ಪು ಮಾತ್ರ ಇರುತ್ತದೆ. ಈ ರೋಗ ಕೂಲಿಕಾರರನ್ನು ಹೆಚ್ಚಾಗಿ ಕಾಡುವುದಕ್ಕೆ ಇದೂ ಒಂದು ಕಾರಣ. ಆದರೆ ಬಸಳೆ, ಹರಿವೆ ತಿಂದರೆ ಗುಟ್ಕಾದ ದೋಷ ಪರಿಹಾರವಾಗುತ್ತದೆ ಎಂದು ಯಾರೂ ಭಾವಿಸಬಾರದು.

ಕನ್ನಡಿಯ ಮುಂದೆ ಎರಡು ನಿಮಿಷ

ಸಮಾಧಾನದ ಸಂಗತಿ ಎಂದರೆ, ಒಳಗಿನ ಅಂಗಗಳಂತಲ್ಲದೆ ಬಾಯಿ ಕಣ್ಣಿಗೆ ಕಾಣುವ ಜಾಗ. ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಡುಸಾದ ಗಂಟು ಇವು ಎಚ್ಚರಿಕೆಯ ಚಿಹ್ನೆಗಳು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲಾಗದಿದ್ದರೆ ವೈದ್ಯರನ್ನು ಕಾಣಬೇಕು. ಇಂಥ ಹುಣ್ಣುಗಳು ಮೊದಮೊದಲು ನೋಯುವುದಿಲ್ಲ. ನೋವಿಲ್ಲವೆಂದು ತಡ ಮಾಡಿದವರೇ ಹೆಚ್ಚು ಮಂದಿ ಕೈಮೀರಿದ ಹಂತದಲ್ಲಿ ಆಸ್ಪತ್ರೆಗೆ ಬರುತ್ತಾರೆ.

ಕೇರಳದ ತಿರುವನಂತಪುರದ ಸುತ್ತಲಿನ 13 ಪಂಚಾಯ್ತಿಗಳಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು, ಅಷ್ಟೇ. ಯಂತ್ರವಿಲ್ಲ, ಸೂಜಿಯಿಲ್ಲ. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿದಿತ್ತು. ಅಭ್ಯಾಸ ಬಿಟ್ಟವರಿಗೆ ವರ್ಷ ಕಳೆದಂತೆ ಅಪಾಯ ತಾನಾಗಿಯೇ ತಗ್ಗುತ್ತದೆ. ಎಷ್ಟು ಬೇಗ ಬಿಟ್ಟರೆ ಅಷ್ಟು ಲಾಭ. ತಡವಾಯಿತೆಂದು ಕೈಚೆಲ್ಲುವ ವಯಸ್ಸು ಯಾವುದೂ ಇಲ್ಲ.

ಹಾಗಾದರೆ ಶುಭಕಾರ್ಯದ ತಾಂಬೂಲ ಬಿಡಬೇಕೆ? ಬಿಡಬೇಕಾಗಿಲ್ಲ. ಕೊಡುವ ಕೈ, ಪಡೆಯುವ ಕೈ ಸೇರುವುದರಲ್ಲಿ ಅದರ ಮಂಗಳ ಇದೆ. ದೇವರ ಮುಂದೆ, ಹಿರಿಯರ ಮುಂದೆ ಇಟ್ಟ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಇಟ್ಟುಕೊಂಡರೆ ಸಂಪ್ರದಾಯಕ್ಕೆ ಯಾವ ಊನವೂ ಬರದು. ದಿನವಿಡೀ ಅದನ್ನು ಕೆನ್ನೆಯ ಸಂದಿನಲ್ಲಿ ಇಟ್ಟುಕೊಳ್ಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಇವತ್ತೇ ಮನೆಯ ಹಿರಿಯರನ್ನು ಕನ್ನಡಿಯ ಮುಂದೆ ಕೂರಿಸಿ "ಅಮ್ಮಾ, ಒಮ್ಮೆ ಬಾಯಿ ತೆರೆಯಿರಿ, ನೋಡೋಣ" ಎಂದು ಕೇಳುವುದರಿಂದ ಈ ಕೆಲಸ ಆರಂಭವಾಗಬಹುದು.